ಭೀಮಾ ತೀರದಿಂದ ಓದಬೇಕಾದ ಚರಿತ್ರೆಯ ಕಾದಂಬರಿಗಳು

ನಮ್ಮಲ್ಲಿ ಹೆಚ್ಚಿನವರು ಚರಿತ್ರೆಯನ್ನು ಚರಿತ್ರೆಯ ಪುಸ್ತಕದಿಂದ ಕಲಿತವರಲ್ಲ. ಶಾಲೆಯ ಪಾಠ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಮನಸ್ಸಿನಲ್ಲಿ ಉಳಿಯುವುದು ಕಥೆ, ನಾಟಕ, ಸಿನೆಮಾ ಮತ್ತು ಕಾದಂಬರಿ. ಕದಂಬರ ಮಯೂರಶರ್ಮನ ಹೆಸರು ಕೇಳಿದೊಡನೆ ನಮಗೆ ತಾಳಗುಂದದ ಶಾಸನ ನೆನಪಾಗುವುದಿಲ್ಲ, 1975ರ 'ಮಯೂರ' ಚಿತ್ರದ ರಾಜಕುಮಾರ್ ನೆನಪಾಗುತ್ತಾರೆ. ಆ ಚಿತ್ರದ ಹಿಂದೆ ಇದ್ದುದು ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿ. ಆದ್ದರಿಂದ ಜನರು ಯಾವ ಐತಿಹಾಸಿಕ ಕಾದಂಬರಿಯನ್ನು ಓದುತ್ತಾರೆ ಎಂಬುದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ಪಕ್ಕದ ಮನೆಯವನನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ ಎಂಬುದೂ ಅದರಲ್ಲಿ ಅಡಗಿದೆ.

ಈ ಮಾತನ್ನು ನಾವು ನೆಲೋಗಿಯ ಕಡೆಯಿಂದ ಹೇಳುತ್ತಿದ್ದೇವೆ. ಜೇವರ್ಗಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ನೆಲೋಗಿ ಕ್ರಾಸ್ ಸಿಗುತ್ತದೆ. 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ಹುಟ್ಟೂರು ಎಂದರೆ ಹೊರಗಿನವರಿಗೆ ಬೇಗ ಗುರುತು ಸಿಗುತ್ತದೆ. ಕರಿಮಣ್ಣು, ಜೋಳ, ತೊಗರಿ, ಹತ್ತಿರದಲ್ಲೇ ಭೀಮಾ ನದಿ. ಈ ನದಿಯ ಮತ್ತು ಅದರ ಉಪನದಿ ಕಾಗಿಣಾದ ದಂಡೆಗಳಲ್ಲಿ ಅಶೋಕನ ಶಾಸನವಿದೆ, ರಾಷ್ಟ್ರಕೂಟರ ರಾಜಧಾನಿಯಿದೆ, ಬಹಮನಿ ಸುಲ್ತಾನನ ಅರಮನೆಯ ಪಟ್ಟಣವಿದೆ. ಇಷ್ಟೆಲ್ಲ ಇರುವ ನೆಲದ ಓದುಗರು ಯಾವ ಕಾದಂಬರಿಗಳನ್ನು ಓದಬೇಕು? ಓದುವಾಗ ಏನನ್ನು ಗಮನಿಸಬೇಕು? ನಾವು ಓದಿ ಮೆಚ್ಚಿದ ಕೆಲವು ಕೃತಿಗಳನ್ನು ಮುಂದಿಟ್ಟು ಈ ಪ್ರಶ್ನೆಗೆ ಉತ್ತರಿಸುವ ಪ್ರಯತ್ನ ಇದು.

ಕಾದಂಬರಿಗಿಂತ ಮೊದಲು

ನಮ್ಮ ಹಳ್ಳಿಗಳಿಗೆ ಕಾದಂಬರಿ ಬರುವುದಕ್ಕೆ ಎಷ್ಟೋ ಮೊದಲೇ ಪುರಾಣವೂ ಚರಿತ್ರೆಯೂ ಬಂದಿದ್ದವು. ಕುರುಕ್ಷೇತ್ರದ ಕಥೆ ಬಯಲಾಟದ ಮೂಲಕ ಬಂತು. ಕ್ರಿ.ಶ. 680ರ ಕರ್ಬಲಾದ ಕಥೆ ಮೊಹರಮ್ಮಿನ ರಿವಾಯತ್ ಪದಗಳ ಮೂಲಕ ಬಂತು. ಇರಾಕಿನ ಮರಳುಗಾಡಿನಲ್ಲಿ ಯುಫ್ರೆಟಿಸ್ ನದಿಯ ನೀರು ಸಿಗದೆ ಬಾಯಾರಿ ಮಡಿದವರ ಕಥೆಯನ್ನು ಅಚ್ಚ ಕನ್ನಡದಲ್ಲಿ ಹಾಡುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಇತರ ಜಾತಿ ಸಮುದಾಯದವರೂ ಇದ್ದಾರೆ. ಬರವನ್ನು ಕಂಡ ಈ ಸೀಮೆಯ ಜನರಿಗೆ ನೀರಿಲ್ಲದ ಸಂಕಟವನ್ನು ಬೇರೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ಎರಡು ಕಥೆಗಳಲ್ಲಿ ಒಂದು ಸಾಮ್ಯವಿದೆ. ಮಹಾಭಾರತದಲ್ಲಿ ಕರ್ಣ ನಿಂತಿರುವುದು ಸೋಲುವ ಪಕ್ಷದಲ್ಲಿ. ಆದರೂ ಕೇಳುಗರ ಕಣ್ಣು ಅವನಿಗಾಗಿ ಒದ್ದೆಯಾಗುತ್ತದೆ. ಕರ್ಬಲಾದ ಕಥೆಯಲ್ಲಿ ಹುರ್ ಎಂಬ ದಂಡನಾಯಕ ಬರುತ್ತಾನೆ. ಇಮಾಮ್ ಹುಸೇನರ ದಾರಿಯನ್ನು ಅಡ್ಡಗಟ್ಟಿದವನೇ ಅವನು. ಕೊನೆಗೆ ತನ್ನ ತಪ್ಪನ್ನು ಅರಿತು ಹುಸೇನರ ಕಡೆ ಬಂದು ಪ್ರಾಣ ಕೊಡುತ್ತಾನೆ. ಎದುರು ಪಡೆಯಲ್ಲಿ ನಿಂತವನಿಗೂ ಮನಸ್ಸಾಕ್ಷಿ ಇರುತ್ತದೆ ಎಂಬುದನ್ನು ಹಳೆಯ ಕಥೆಗಾರರು ಮರೆಯಲಿಲ್ಲ. ಒಳ್ಳೆಯ ಐತಿಹಾಸಿಕ ಕಾದಂಬರಿಯನ್ನು ಅಳೆಯಲು ನಾವು ಬಳಸುವ ಅಳತೆಗೋಲೂ ಇದೇ. ಕಥಾನಾಯಕನ ಎದುರು ನಿಂತವನಿಗೂ ಆ ಕಾದಂಬರಿಯಲ್ಲಿ ಒಂದು ಮನೆ, ಒಬ್ಬ ತಾಯಿ, ಒಂದು ಭಯ ಇದೆಯೇ?

ಜೇವರ್ಗಿಯ ಕಲ್ಲುಗಳು ಮತ್ತು ಒಬ್ಬ ಕಾದಂಬರಿಕಾರ

ನಮ್ಮ ತಾಲೂಕಿಗೂ ಐತಿಹಾಸಿಕ ಕಾದಂಬರಿಗೂ ಒಂದು ಹಳೆಯ ನಂಟಿದೆ. ಇದು ಅನೇಕರಿಗೆ ತಿಳಿದಿಲ್ಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಸುರಪುರದ ಗುಡ್ಡದ ಮೇಲೆ ಅವರು ವಾಸವಾಗಿದ್ದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿದೆ. ಅಲ್ಲಿಗೆ ಬರುವ ಮೊದಲೇ ಅವರು ಠಕ್ಕರನ್ನು ಕುರಿತ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದರು. ಮರುವರ್ಷ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿ ಬಂತು. 1863ರ 'ತಾರಾ' ಎಂಬ ಕಾದಂಬರಿಯ ಕಥೆ ತುಳಜಾಪುರ ಮತ್ತು ವಿಜಯಪುರಗಳ ಸುತ್ತ ನಡೆಯುತ್ತದೆ. ಅವರ ಮರಣಾನಂತರ 1878ರಲ್ಲಿ ಬಂದ 'ಎ ನೋಬಲ್ ಕ್ವೀನ್' ಕಾದಂಬರಿಯ ನಾಯಕಿ ವಿಜಯಪುರ ಮತ್ತು ಅಹಮದನಗರಗಳ ಚಾಂದ್ ಬೀಬಿ.

ಇದೇ ಟೇಲರ್ ಭೀಮಾ ತೀರದಲ್ಲಿ ಫಿರೋಜಾಬಾದಿಗೆ ಸಮೀಪವಿರುವ ಜೇವರ್ಗಿಯ ಹಳೆಯ ಕಲ್ಲುಗೋರಿಗಳನ್ನು ಅಗೆಸಿ ನೋಡಿದರು. ಒಳಗೆ ಅಸ್ಥಿಪಂಜರಗಳು, ಮಣ್ಣಿನ ಪಾತ್ರೆಗಳು, ಕಬ್ಬಿಣದ ವಸ್ತುಗಳು ಸಿಕ್ಕವು. ಆ ಕುರಿತು ಅವರು ಬರೆದ ಲೇಖನ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಸುರಪುರ ಸೀಮೆಯ ರಾಜನ್ ಕೋಳೂರಿನಲ್ಲಿರುವ ಕಲ್ಮನೆಗಳನ್ನೂ ಅವರು ದಾಖಲಿಸಿದರು. ಇಂಥವನ್ನು ನಮ್ಮ ಜನ 'ಮೋರ್ಯರ ಮನೆ' ಎನ್ನುತ್ತಾರೆ. ಹಿಂದೆ ಮೋರ್ಯರು ಎಂಬ ಕುಳ್ಳ ಜನರಿದ್ದರು, ಅವರು ಕಟ್ಟಿಕೊಂಡ ಮನೆಗಳಿವು ಎಂಬ ಕಥೆ ಪ್ರಚಲಿತವಿದೆ. ಟೇಲರ್ ತಮ್ಮ ನಾಡಿನ ಹಳೆಯ ಸಮಾಧಿಗಳನ್ನು ನೆನೆದು ಇವು ಕೆಲ್ಟಿಕ್ ಅಥವಾ ಸಿಥಿಯನ್ ಜನರ ಗುರುತುಗಳೆಂದು ಭಾವಿಸಿದರು. ಇಂದಿನ ಪುರಾತತ್ವಜ್ಞರು ಇವನ್ನು ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್ ಶಿಲಾ ಸಮಾಧಿಗಳೆಂದು ಗುರುತಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹಳ್ಳಿಯವರು ಕಲ್ಲನ್ನು ಕಂಡು ಕುಳ್ಳರ ಕಥೆ ಕಟ್ಟಿದರು, ಟೇಲರ್ ಅದೇ ಕಲ್ಲನ್ನು ಕಂಡು ಸಿಥಿಯನ್ನರ ಕಥೆ ಕಟ್ಟಿದರು. ಇಬ್ಬರೂ ತಮಗೆ ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ತುಂಬಿಕೊಂಡರು. ಐತಿಹಾಸಿಕ ಕಾದಂಬರಿಯ ಹುಟ್ಟು ಇರುವುದೇ ಈ ಸಂದಿಯಲ್ಲಿ. ಶಾಸನ ಮೌನವಾದ ಕಡೆ ಕಲ್ಪನೆ ಮಾತಾಡುತ್ತದೆ. ಅದು ತಪ್ಪಲ್ಲ. ಕಲ್ಪನೆಯ ಮಾತನ್ನೇ ಶಾಸನವೆಂದು ನಂಬಿದಾಗ ತೊಂದರೆ ಆರಂಭವಾಗುತ್ತದೆ.

ಅಚ್ಚು ಎಲ್ಲಿಂದ ಬಂತು?

ಪ್ರಾಚೀನ ಇತಿಹಾಸವನ್ನು ಕಥೆಯಾಗಿ ಹೇಳುವ ಗದ್ಯ ಕನ್ನಡಕ್ಕೆ ಹೊಸದಲ್ಲ. ಕೆಂಪುನಾರಾಯಣನ 'ಮುದ್ರಾಮಂಜೂಷ' ಚಾಣಕ್ಯ ಮತ್ತು ಚಂದ್ರಗುಪ್ತರ ಕಥೆಯನ್ನು 1823ರಲ್ಲೇ ಹೇಳಿತ್ತು. ಆದರೆ ಇಂದು ನಾವು ಐತಿಹಾಸಿಕ ಕಾದಂಬರಿ ಎನ್ನುವ ಪ್ರಕಾರದ ಅಚ್ಚು ಬಂದದ್ದು ಬೇರೆ ದಾರಿಯಿಂದ. ಇಂಗ್ಲಿಷಿನ ವಾಲ್ಟರ್ ಸ್ಕಾಟ್‌ನಿಂದ ಸ್ಫೂರ್ತಿ ಪಡೆದ ಬಂಗಾಳದ ಬಂಕಿಮಚಂದ್ರರು 1865ರಲ್ಲಿ 'ದುರ್ಗೇಶನಂದಿನಿ' ಬರೆದರು. ಅದನ್ನು ಬಿ. ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ತಂದರು. ವಿಜಯನಗರದ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ' ಹೀಗೆ ಬಂದದ್ದು. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರು ಉತ್ತರ ಕರ್ನಾಟಕದಲ್ಲಿ ಕನ್ನಡ ಓದುಗರನ್ನೇ ಸೃಷ್ಟಿಸಿದರು. ಅವರ ಈ ಋಣವನ್ನು ನಾವು ಯಾರೂ ತೀರಿಸಲಾರೆವು.

ಆದರೆ ಅಚ್ಚಿನ ಜೊತೆಗೆ ಅಚ್ಚಿನ ದೋಷವೂ ಬಂತು. ಬ್ರಿಟಿಷರ ಆಳ್ವಿಕೆಯಲ್ಲಿ ಬ್ರಿಟಿಷರನ್ನು ಶತ್ರುವೆಂದು ಬರೆಯುವುದು ಕಷ್ಟವಾಗಿತ್ತು. ದೇಶಾಭಿಮಾನವನ್ನು ಕೆರಳಿಸಲು ಕಥೆಗೆ ಒಬ್ಬ ಪರಕೀಯ ಬೇಕಾಗಿದ್ದ. ಆ ಜಾಗಕ್ಕೆ ಮೊಗಲನೋ ಪಠಾಣನೋ ಬಂದು ನಿಂತ. ದುರ್ಗೇಶನಂದಿನಿಯಲ್ಲಿ ಆಯೇಷಾಳಂಥ ಉದಾತ್ತ ಪಾತ್ರವಿದೆ ನಿಜ. ಆದರೆ ಅನುಕರಣೆ ಮಾಡಿದವರೆಲ್ಲ ಆಯೇಷಾಳನ್ನು ನೆನಪಿಟ್ಟುಕೊಳ್ಳಲಿಲ್ಲ.

ಇದು ಒಂದೇ ಕಡೆಯ ದೋಷ ಎಂದು ನಾವು ಹೇಳಿದರೆ ನ್ಯಾಯವಾಗದು. ನಿಜಾಮರ ಕಾಲದಿಂದಲೂ ಉರ್ದು ಓದುವವರು ನಮ್ಮ ಕಲಬುರಗಿ ಸೀಮೆಯಲ್ಲಿದ್ದಾರೆ. ಸ್ಕಾಟ್‌ನ 'ದಿ ಟ್ಯಾಲಿಸ್‌ಮನ್' ಕಾದಂಬರಿಯಲ್ಲಿ ಮುಸ್ಲಿಮರ ಚಿತ್ರಣ ಕಂಡು ಬೇಸರಗೊಂಡ ಅಬ್ದುಲ್ ಹಲೀಮ್ ಶರರ್ ಅದಕ್ಕೆ ಉತ್ತರವೆಂಬಂತೆ 1888ರಲ್ಲಿ 'ಮಲಿಕುಲ್ ಅಜೀಜ್ ವರ್ಜಿನಾ' ಬರೆದರು. ಮುಂದೆ ನಸೀಮ್ ಹಿಜಾಜಿಯವರ ಕಾದಂಬರಿಗಳು ಮನೆಮನೆಗಳಲ್ಲಿ ಓದಲ್ಪಟ್ಟವು. ಟಿಪ್ಪುವಿನ ಕೊನೆಯ ದಿನಗಳನ್ನು ಹೇಳುವ 'ಔರ್ ತಲವಾರ್ ಟೂಟ್ ಗಯೀ' ಅವುಗಳಲ್ಲಿ ಒಂದು. ಹಿಜಾಜಿಯವರ ಕಾದಂಬರಿಗಳನ್ನು ಓದಿ ರೋಮಾಂಚನಗೊಂಡವರು ನಮ್ಮಲ್ಲಿ ಬಹಳ. ಆದರೆ ಅಲ್ಲಿಯೂ ನಮ್ಮವನು ಸದಾ ಶೂರ, ಸದಾ ಧರ್ಮಿಷ್ಠ. ಎದುರಾಳಿಗೆ ಮನೆಯಿಲ್ಲ, ತಾಯಿಯಿಲ್ಲ. ಪಾತ್ರಗಳ ಹೆಸರನ್ನು ಅದಲುಬದಲು ಮಾಡಿದರೆ ಎರಡೂ ಕಡೆಯ ಪುಸ್ತಕಗಳು ಒಂದೇ ಆಗಿಬಿಡುತ್ತವೆ. ಬೇರೆಯವರ ಪುಸ್ತಕವನ್ನು ಟೀಕಿಸಲು ಬಳಸುವ ಅಳತೆಗೋಲನ್ನು ನಮ್ಮ ಕಪಾಟಿನ ಪುಸ್ತಕಕ್ಕೂ ಹಿಡಿಯಬೇಕು.

ಪುರಾಣದಿಂದ ಹೊರಟವರು

ಮೊದಲು ಪುರಾಣ ಮತ್ತು ವೇದಕಾಲದ ವಸ್ತುವನ್ನುಳ್ಳ ಕೃತಿಗಳನ್ನು ನೋಡೋಣ. ದೇವುಡು ಅವರ 'ಮಹಾಬ್ರಾಹ್ಮಣ', 'ಮಹಾಕ್ಷತ್ರಿಯ', 'ಮಹಾದರ್ಶನ' ಈ ಮೂರನ್ನು ಒಟ್ಟಿಗೆ ಓದಬೇಕು. ವಿಶ್ವಾಮಿತ್ರ, ನಹುಷ, ಯಾಜ್ಞವಲ್ಕ್ಯ ಈ ಮೂವರ ಕಥೆಗಳಿವು. 'ಮಹಾಕ್ಷತ್ರಿಯ'ಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರು ಬದುಕಿರಲಿಲ್ಲ. ಭಾಷೆ ಇಂದಿನ ಹುಡುಗರಿಗೆ ತುಸು ಭಾರ ಎನಿಸಬಹುದು. ಆದರೆ ಸಿಟ್ಟನ್ನು ಗೆಲ್ಲುವುದು ರಾಜ್ಯವನ್ನು ಗೆಲ್ಲುವುದಕ್ಕಿಂತ ಎಷ್ಟು ಕಷ್ಟ ಎಂಬುದನ್ನು ವಿಶ್ವಾಮಿತ್ರನ ಕಥೆಯಲ್ಲಿ ಕಾಣುವಾಗ ಓದುಗ ಯಾವ ಧರ್ಮದವನಾದರೂ ತನ್ನನ್ನು ತಾನು ಅಲ್ಲಿ ಕಾಣುತ್ತಾನೆ.

ಎರಡನೆಯದು ಎಸ್.ಎಲ್. ಭೈರಪ್ಪನವರ 'ಪರ್ವ' (1979). ಇಲ್ಲಿ ಮಹಾಭಾರತದ ಪವಾಡಗಳೆಲ್ಲ ಕಳಚಿಬಿದ್ದು ಮನುಷ್ಯರು ಉಳಿಯುತ್ತಾರೆ. ಕಥೆ ಆರಂಭವಾಗುವುದು ಪಾಂಡವರಿಂದಲೂ ಅಲ್ಲ, ಕೌರವರಿಂದಲೂ ಅಲ್ಲ, ಮದ್ರ ದೇಶದ ಮುದಿ ರಾಜ ಶಲ್ಯನಿಂದ. ಕುಂತಿ, ದ್ರೌಪದಿ, ಕರ್ಣ ಒಬ್ಬೊಬ್ಬರೂ ತಮ್ಮ ನೆನಪುಗಳ ಮೂಲಕ ಕಥೆ ಹೇಳುತ್ತಾರೆ. ಯುದ್ಧದ ವೈಭವ ಎಲ್ಲೂ ಇಲ್ಲ. ಹೆಣಗಳ ನಾತ, ಹಸಿವು, ವಿಧವೆಯರ ಗೋಳು ಇದೆ. ಲೇಖಕರ ಇತರ ನಿಲುವುಗಳನ್ನು ಒಪ್ಪದವರೂ 'ಪರ್ವ'ವನ್ನು ಓದದೇ ಇರಬಾರದು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಶಂಕರ ಮೊಕಾಶಿ ಪುಣೇಕರರ 'ಅವಧೇಶ್ವರಿ'. 1988ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ವೇದಕಾಲದ ಅಯೋಧ್ಯೆಯ ಒಬ್ಬ ರಾಣಿಯ ಕಥೆ. ಸಿಂಧೂ ಮುದ್ರೆಗಳನ್ನು ತಮ್ಮದೇ ರೀತಿಯಲ್ಲಿ ಓದಿ ಪುಣೇಕರರು ಕಥೆ ಹೆಣೆದರು. ಆ ಓದನ್ನು ಪಂಡಿತರು ಒಪ್ಪಬೇಕೆಂದಿಲ್ಲ. ಸಿಂಧೂ ಲಿಪಿಯ ಒಗಟು ಸರ್ವಸಮ್ಮತವಾಗಿ ಬಿಡಿಸಲ್ಪಟ್ಟಿಲ್ಲ. ಆದರೆ ಅಯೋಧ್ಯೆ ಎಂದೊಡನೆ ಒಂದೇ ಚಿತ್ರ ಮೂಡುವ ಕಾಲದಲ್ಲಿ, ಆ ಊರಿಗೆ ಅಧಿಕಾರದ ಒಳಸಂಚುಗಳೂ ಹೆಣ್ಣಿನ ಸಂಕಟಗಳೂ ಇದ್ದ ಬೇರೊಂದು ಬದುಕನ್ನು ಕಲ್ಪಿಸಿದ ಕೃತಿ ಇದು.

ಇವುಗಳ ಜೊತೆಗೆ ನಿರಂಜನರ 'ಮೃತ್ಯುಂಜಯ'ವನ್ನು (1976) ಸೇರಿಸುತ್ತೇವೆ. ಕನ್ನಡದ ಕಾದಂಬರಿಕಾರರೊಬ್ಬರು ಪ್ರಾಚೀನ ಈಜಿಪ್ಟಿಗೆ ಹೋಗಿ, ಫೆರೋ ದೊರೆಗಳ ಬದಲು ಅವರ ಕೈಕೆಳಗೆ ನಲುಗಿದ ರೈತರನ್ನೂ ಕುಶಲಕರ್ಮಿಗಳನ್ನೂ ಕಥೆಯ ನಡುವೆ ನಿಲ್ಲಿಸಿದರು. ಪಿರಮಿಡ್ಡನ್ನು ನೋಡಿ ಬೆರಗಾಗುವವರು ಅದರ ಕಲ್ಲು ಹೊತ್ತವರು ಯಾರು ಎಂದು ಕೇಳುವುದಿಲ್ಲ. ನಿರಂಜನರು ಕೇಳಿದರು. ಫಿರ್‌ಔನನ ದಬ್ಬಾಳಿಕೆಯ ಕಥೆಯನ್ನು ಬಾಲ್ಯದಿಂದ ಕೇಳುತ್ತ ಬೆಳೆದ ನಮ್ಮ ಮಕ್ಕಳಿಗೆ ಈ ಕಾದಂಬರಿ ವಿಶೇಷವಾಗಿ ಹಿಡಿಸೀತು.

ನಾಡಿನ ಚರಿತ್ರೆಯ ಕಾದಂಬರಿಗಳು

ನಾಡಿನ ಚರಿತ್ರೆಗೆ ಬಂದರೆ ನಮಗೆ ಅತ್ಯಂತ ಹತ್ತಿರವಾದುದು ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿಕಲ್ಯಾಣ'. ಬಸವಣ್ಣನವರ ಕಾಲದ ಕಲ್ಯಾಣವನ್ನು ಚಿತ್ರಿಸುವ ಕಾದಂಬರಿ ಮಾಲೆಯ ಕೊನೆಯ ಕೃತಿಯಿದು. 1964ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕಲ್ಯಾಣ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮ್ಮ ಪ್ರದೇಶಕ್ಕೆ 2019ರಲ್ಲಿ 'ಕಲ್ಯಾಣ ಕರ್ನಾಟಕ' ಎಂಬ ಹೆಸರು ಬಂದದ್ದು ಆ ಊರಿನ ನೆನಪಿಗೇ. ಹೆಸರಿಟ್ಟಷ್ಟು ಸುಲಭವಾಗಿ ಅಲ್ಲಿ ನಡೆದ ಪ್ರಯತ್ನ ನಮ್ಮ ಬದುಕಿನಲ್ಲಿ ಇಳಿದಿದೆಯೇ ಎಂಬ ಪ್ರಶ್ನೆಯನ್ನು ಈ ಮಾಲೆ ಓದುಗನ ಮುಂದಿಡುತ್ತದೆ.

ಒಂದೇ ಶಾಸನದಿಂದ ಎರಡು ಕಾದಂಬರಿಗಳು ಹೇಗೆ ಹುಟ್ಟಬಹುದು ಎಂಬುದನ್ನು ನೋಡಬೇಕಾದರೆ ಹೊಯ್ಸಳ ರಾಣಿ ಶಾಂತಲೆಯ ಕಥೆಗಳನ್ನು ಓದಬೇಕು. ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿ ಪ್ರಸಿದ್ಧರಾದ ಕೆ.ವಿ. ಅಯ್ಯರ್ 'ಶಾಂತಲಾ' ಬರೆದರು. ಅನಂತರ ಸಿ.ಕೆ. ನಾಗರಾಜರಾಯರು 'ಪಟ್ಟಮಹಾದೇವಿ ಶಾಂತಲದೇವಿ' ಎಂಬ ಬೃಹತ್ ಕೃತಿಯನ್ನು ರಚಿಸಿ ಮೂರ್ತಿದೇವಿ ಪ್ರಶಸ್ತಿ ಪಡೆದರು. ರಾಣಿ ಒಬ್ಬಳೇ, ಶಾಸನಗಳೂ ಅವೇ. ಆದರೆ ಅಯ್ಯರ್ ಕಂಡ ಶಾಂತಲೆ ಬೇರೆ, ರಾಯರು ಕಂಡ ಶಾಂತಲೆ ಬೇರೆ. ಎರಡನ್ನೂ ಓದಿದವನು ಯಾವ ಕಾದಂಬರಿಯನ್ನೂ ಕಣ್ಮುಚ್ಚಿ ಚರಿತ್ರೆಯೆಂದು ನಂಬಲಾರ.

ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ ಶಿಫಾರಸಿನ ಅಗತ್ಯವಿಲ್ಲ. 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗ ಬಿದ್ದ ಕಥೆ ಅದು. ಓದುವಾಗ ಹೊರಗಿನ ಮುತ್ತಿಗೆಯನ್ನಷ್ಟೇ ನೋಡದೆ ಕೋಟೆಯ ಒಳಗಿನ ಬಿರುಕುಗಳನ್ನೂ ನೋಡಿರಿ ಎಂದಷ್ಟೇ ಹೇಳುತ್ತೇವೆ. ಅದೇ ರೀತಿ ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಕೊಡಗಿನ ಕೊನೆಯ ದೊರೆಯ ಪತನಕ್ಕೆ ಆಂಗ್ಲರನ್ನಷ್ಟೇ ಹೊಣೆ ಮಾಡುವುದಿಲ್ಲ. ಕೆಟ್ಟ ರಾಜನನ್ನೂ ಮರುಕದಿಂದ ನೋಡಬಹುದು ಎಂಬುದನ್ನು ಮಾಸ್ತಿ ತೋರಿಸಿಕೊಟ್ಟರು.

ವೇಗವಾಗಿ ಓದಿಸಿಕೊಂಡು ಹೋಗುವ ಪುಸ್ತಕ ಬೇಕೆನ್ನುವ ಯುವಕರಿಗೆ ಕೆ.ಎನ್. ಗಣೇಶಯ್ಯನವರ ಕೃತಿಗಳನ್ನು ಸೂಚಿಸುತ್ತೇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಅವರು 'ಕನಕ ಮುಸುಕು', 'ಚಿತಾದಂತ', ಕಾಳುಮೆಣಸಿನ ವ್ಯಾಪಾರದ ಸುತ್ತ ಬೆಳೆಯುವ 'ಬಳ್ಳಿಕಾಳ ಬೆಳ್ಳಿ' ಮುಂತಾದವುಗಳಲ್ಲಿ ಇತಿಹಾಸದ ಒಗಟನ್ನು ಪತ್ತೇದಾರಿ ಕಥೆಯಂತೆ ಬಿಡಿಸುತ್ತಾರೆ. ಅಡಿಟಿಪ್ಪಣಿ, ಚಿತ್ರ, ಆಧಾರ ಎಲ್ಲವನ್ನೂ ಕೊಡುತ್ತಾರೆ. ಅದೇ ಅವುಗಳ ಆಕರ್ಷಣೆ. ಎಚ್ಚರ ಬೇಕಾದದ್ದೂ ಅಲ್ಲಿಯೇ. ಅಡಿಟಿಪ್ಪಣಿ ನಿಜವಾದ ಮಾತ್ರಕ್ಕೆ ಮೇಲಿನ ಕಥೆ ನಿಜವಾಗುವುದಿಲ್ಲ.

ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' (2019) ಈಚಿನ ವರ್ಷಗಳಲ್ಲಿ ನಾವು ಓದಿದ ಅತ್ಯುತ್ತಮ ಐತಿಹಾಸಿಕ ಕಾದಂಬರಿ. ಲಿಸ್ಬನ್ ನಗರದ ತೇಜೋ ನದಿ ಒಂದು ಕಡೆ, ವಿಜಯನಗರದ ತುಂಗಭದ್ರೆ ಇನ್ನೊಂದು ಕಡೆ, ನಡುವೆ ಗೋವಾ. ಕಾಲ ಹದಿನೈದನೆಯ ಶತಮಾನದ ಕೊನೆ ಮತ್ತು ಹದಿನಾರರ ಆರಂಭ. ಪೋರ್ಚುಗಲ್ಲಿನಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸುತ್ತಾರೆ, ಗೋವಾದಲ್ಲಿ ಮುಸ್ಲಿಮರ ನೆತ್ತರು ಹರಿಯುತ್ತದೆ, ವಿಜಯನಗರದಲ್ಲಿ ದೊರೆಗಾಗಿ ಬಡವರು ತಲೆ ಕೊಡುತ್ತಾರೆ. ಧರ್ಮ ಯಾವುದಾದರೂ ತುಳಿತಕ್ಕೆ ಸಿಕ್ಕವರ ಸಂಕಟ ಒಂದೇ ಎಂಬುದನ್ನು ಲೇಖಕರು ಭಾಷಣವಿಲ್ಲದೆ ಹೇಳಿದ್ದಾರೆ. ನಮ್ಮ ಅಳತೆಗೋಲಿಗೆ ಇದು ಚೆನ್ನಾಗಿ ಒದಗುತ್ತದೆ.

ವಾದಕ್ಕೆ ನಿಂತ ಕಾದಂಬರಿ

ಭೈರಪ್ಪನವರ ಇನ್ನೆರಡು ಕೃತಿಗಳ ಬಗ್ಗೆ ಮಾತಾಡದೆ ಮುಂದೆ ಹೋಗುವಂತಿಲ್ಲ. 'ಸಾರ್ಥ' (1998) ಎಂಟನೆಯ ಶತಮಾನದ ಕಥೆ. ವ್ಯಾಪಾರಿ ತಂಡಗಳೊಂದಿಗೆ ಹೊರಟ ನಾಗಭಟ್ಟ ನಳಂದಾ ವಿಶ್ವವಿದ್ಯಾಲಯ, ಮಂಡನಮಿಶ್ರರ ವಾದ ಎಲ್ಲವನ್ನೂ ಕಾಣುತ್ತಾನೆ. ಆ ಕಾಲದ ದಾರಿಗಳ ವರ್ಣನೆ ಮನಸ್ಸಿನಲ್ಲಿ ಉಳಿಯುವಂಥದ್ದು. ಆದರೆ ಕಥೆ ಸಿಂಧ್ ಕಡೆಗೆ ಬಂದಾಗ ಅರಬ್ಬರು ಕೇವಲ ಹಿಂಸಕರಾಗಿ ಕಾಣಿಸುತ್ತಾರೆ. ಮೊಗಲರ ಕಾಲವನ್ನು ಎತ್ತಿಕೊಂಡ 'ಆವರಣ' (2007) ಇನ್ನೂ ಮುಂದೆ ಹೋಗಿ ಕಾದಂಬರಿಯೊಳ

ಗೇ ಆಧಾರ ಗ್ರಂಥಗಳ ಪಟ್ಟಿ ಕೊಟ್ಟಿತು. ಅದು ಮತ್ತೆ ಮತ್ತೆ ಮುದ್ರಣಗೊಂಡಿತು, ನಾಡಿನಲ್ಲಿ ದೊಡ್ಡ ಚರ್ಚೆ ನಡೆಯಿತು. 2025ರಲ್ಲಿ ಲೇಖಕರು ನಿಧನರಾದ ನಂತರವೂ ಆ ಚರ್ಚೆ ಮುಗಿದಿಲ್ಲ.

ಇಂಥ ಪುಸ್ತಕವನ್ನು ಸುಡಬೇಕು, ಮುಟ್ಟಬಾರದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಓದಿ ಉತ್ತರಿಸಬೇಕು. ಉತ್ತರಕ್ಕೆ ಬೇಕಾದ ಸಾಮಗ್ರಿ ನಮ್ಮ ಹಿತ್ತಿಲಲ್ಲೇ ಇದೆ. ಅದೇ ರಾಷ್ಟ್ರಕೂಟರ ಯುಗದಲ್ಲಿ ಅರಬ್ ವರ್ತಕರು ನಮ್ಮ ಮಾನ್ಯಖೇಟದ ದೊರೆಯನ್ನು 'ಬಲ್ಹರಾ' ಎಂದು ಕರೆದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಕೊಂಡಾಡಿದರು. 851ರ ವರ್ತಕ ಸುಲೈಮಾನನ ಹೆಸರಿನ ವೃತ್ತಾಂತ ಇದನ್ನು ಹೇಳುತ್ತದೆ. ಹತ್ತನೆಯ ಶತಮಾನದ ಮಸೂದಿ ಆ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿತ್ತು, ಮಸೀದಿಗಳಿದ್ದವು ಎಂದು ಬರೆದಿದ್ದಾನೆ. ಸಿಂಧಿನಲ್ಲಿ ಯುದ್ಧವೂ ನಡೆಯಿತು, ಮಾನ್ಯಖೇಟದ ನಾಡಿನಲ್ಲಿ ವ್ಯಾಪಾರವೂ ಸ್ನೇಹವೂ ನಡೆಯಿತು. ಎರಡೂ ಚರಿತ್ರೆಯೇ. ಕಾದಂಬರಿಕಾರ ಒಂದನ್ನು ಆರಿಸಿಕೊಳ್ಳಬಹುದು. ಇನ್ನೊಂದು ಇಲ್ಲವೇ ಇಲ್ಲ ಎಂದು ಓದುಗ ತಿಳಿಯಬಾರದು.

ಈ ಸಂದರ್ಭದಲ್ಲಿ ಇನ್ನೆರಡು ಕಾದಂಬರಿಗಳನ್ನು ಹೆಸರಿಸುತ್ತೇವೆ. ಒಂದು ಬೋಳುವಾರು ಮಹಮದ್ ಕುಂಞಿ ಅವರ 'ಓದಿರಿ'. ಪ್ರವಾದಿ ಮುಹಮ್ಮದರ(ಸ) ಜೀವನವನ್ನು ಆಧರಿಸಿ ಕನ್ನಡದಲ್ಲಿ ಬಂದ ಕಾದಂಬರಿ. ಮುಸ್ಲಿಮೇತರ ಓದುಗರಿಗೆ ಆ ಕಾಲದ ಅರೇಬಿಯಾವನ್ನು ಮನೆಯ ಭಾಷೆಯಲ್ಲಿ ಪರಿಚಯಿಸಿದ ಪ್ರಯತ್ನ ಅದು. ಇನ್ನೊಂದು ಉರ್ದುವಿನ ಕುರ್ರತುಲ್ ಐನ್ ಹೈದರ್ ಅವರ 'ಆಗ್ ಕಾ ದರಿಯಾ' (1959). ಮೌರ್ಯರ ಕಾಲದಿಂದ ದೇಶ ವಿಭಜನೆಯವರೆಗೆ ಗೌತಮ, ಚಂಪಾ, ಕಮಾಲ್ ಎಂಬ ಹೆಸರುಗಳು ಯುಗದಿಂದ ಯುಗಕ್ಕೆ ಮರಳಿ ಬರುತ್ತವೆ. ಎರಡು ಸಾವಿರ ವರ್ಷಗಳ ಭಾರತವನ್ನು ಒಂದೇ ನದಿಯಾಗಿ ಕಂಡ ಕೃತಿ ಅದು. ಲೇಖಕಿಗೆ 1989ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಇನ್ನೂ ಬರೆಯಬೇಕಾದವು

ಈ ಪಟ್ಟಿಯನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬಹುದು. ನಾವು ಹೆಸರಿಸಿದ ಕಾದಂಬರಿಗಳು ಚಿತ್ರದುರ್ಗ, ಹಂಪಿ, ಬೇಲೂರು, ಮಡಿಕೇರಿಗಳಿಗೆ ಕರೆದೊಯ್ಯುತ್ತವೆ. ಕಲ್ಯಾಣವನ್ನು ಬಿಟ್ಟರೆ ನಮ್ಮ ಭೀಮೆಯ ದಂಡೆಗೆ ಯಾವುದೂ ಬರುವುದಿಲ್ಲ. ಚಿತ್ರದುರ್ಗಕ್ಕೆ ತ.ರಾ.ಸು. ಸಿಕ್ಕರು. ಇಲ್ಲಿನ ಕಥೆಗಳು ತಮ್ಮ ಲೇಖಕರಿಗಾಗಿ ಕಾದಿವೆ.

ಫಿರೋಜಾಬಾದನ್ನೇ ನೋಡಿರಿ. ಕಲಬುರಗಿಯಿಂದ ಜೇವರ್ಗಿಗೆ ಬರುವಾಗ ಭೀಮೆಯನ್ನು ದಾಟುವ ಮೊದಲು ಬಸ್ಸಿನ ಕಿಟಕಿಯಿಂದಲೇ ಆ ಹಾಳು ಗೋಡೆಗಳು ಕಾಣುತ್ತವೆ. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿ ಕಟ್ಟಿಸಿದ ಪಟ್ಟಣವದು. ಫಿರೋಜನಿಗೆ ಅನೇಕ ಭಾಷೆಗಳು ಬರುತ್ತಿದ್ದವು, ಪಂಡಿತರೊಡನೆ ರಾತ್ರಿಯೆಲ್ಲ ಚರ್ಚಿಸುತ್ತಿದ್ದ ಎಂದು ಫೆರಿಷ್ತಾ ಹೇಳುತ್ತಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಾರಣ ವಿಜಯನಗರದೊಡನೆ ನಡೆದ ಯುದ್ಧ, ಅದರ ಕೊನೆಗೆ ದೇವರಾಯನ ಮಗಳೊಡನೆ ಫಿರೋಜನ ವಿವಾಹ, ಇವೆಲ್ಲ ಅವನೇ ಹೇಳುವ ಕಥೆಗಳು. ಫೆರಿಷ್ತಾ ಬರೆದದ್ದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಎಂಬುದನ್ನು ಮರೆಯಬಾರದು. ಅದೇ ಕಾಲದಲ್ಲಿ ದೆಹಲಿಯಿಂದ ಇಳಿವಯಸ್ಸಿನ ಸೂಫಿ ಖ್ವಾಜಾ ಬಂದೇ ನವಾಜರು ಕಲಬುರಗಿಗೆ ಬಂದರು. ಸುಲ್ತಾನ ಮತ್ತು ಸೂಫಿ ಇಬ್ಬರೂ 1422ರಲ್ಲೇ ತೀರಿಕೊಂಡರು. ಇದಕ್ಕಿಂತ ದೊಡ್ಡ ಕಾದಂಬರಿಗೆ ಇನ್ನೇನು ಬೇಕು?

ಇನ್ನೂ ಹತ್ತಿರಕ್ಕೆ ಬಂದರೆ ಜೇವರ್ಗಿ–ಯಡ್ರಾಮಿ ಸೀಮೆಯ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪನವರಿದ್ದರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಒಬ್ಬರು. ಗುರುವಿನ ಹೆಸರು ಮಡಿವಾಳಪ್ಪ, ಶಿಷ್ಯನ ಹೆಸರು ಜಲಾಲಸಾಹೇಬ. ಇಬ್ಬರ ಪದಗಳನ್ನೂ ಈ ಕಡೆಯ ಭಜನಾ ಮಂಡಳಿಗಳು ಇಂದಿಗೂ ಹಾಡುತ್ತವೆ. ಹಾಡಿನಲ್ಲಿ ಉಳಿದ ಈ ಬದುಕು ಕಥೆಯಾಗಿ ಬಂದರೆ ಅದನ್ನು ಓದಿದ ಮಕ್ಕಳಿಗೆ ಸೌಹಾರ್ದದ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ ಸನ್ನತಿ. ಭೀಮಾ ತೀರದ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಒಂದು ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಾಣಿಸಿದವು. ಅದು ಅಶೋಕನ ಶಾಸನ. ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ 'ರಾಯೋ ಅಸೋಕೋ' ಎಂಬ ಬರಹವಿರುವ ರಾಜನ ಶಿಲ್ಪವೇ ದೊರೆಯಿತು. ಸನ್ನತಿಯ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಹನ್ನೆರಡನೆಯ ಬಂಡೆ ಶಾಸನವೂ ಸೇರಿದೆ. ಅದರ ಸಾರಾಂಶ ಇಷ್ಟೇ: ತನ್ನ ಪಂಥವನ್ನು ಹೊಗಳುತ್ತ ಇನ್ನೊಬ್ಬರ ಪಂಥವನ್ನು ಹಳಿಯುವವನು ಹಾನಿ ಮಾಡುವುದು ತನ್ನ ಪಂಥಕ್ಕೇ, ಆದ್ದರಿಂದ ಒಬ್ಬರು ಇನ್ನೊಬ್ಬರ ಧರ್ಮದ ಮಾತನ್ನು ಕಿವಿಗೊಟ್ಟು ಕೇಳಬೇಕು.

ಓದುಗರಲ್ಲಿ ನಮ್ಮ ಬಿನ್ನಹ ಇಷ್ಟು. ಮೇಲೆ ಹೇಳಿದ ಪುಸ್ತಕಗಳಲ್ಲಿ ಒಂದನ್ನಾದರೂ ಈ ವರ್ಷ ಓದಿರಿ. ಸಾಧ್ಯವಾದರೆ ನಿಮ್ಮ ನಿಲುವಿಗೆ ಒಪ್ಪುವ ಒಂದು, ಒಪ್ಪದ ಒಂದು, ಹೀಗೆ ಎರಡನ್ನು ಜೊತೆಯಾಗಿ ಓದಿರಿ. ಓದಿ ಮುಗಿಸಿದ ಮೇಲೆ ಮಕ್ಕಳನ್ನು ಕರೆದುಕೊಂಡು ಸನ್ನತಿಗೋ ಮಳಖೇಡಕ್ಕೋ ಫಿರೋಜಾಬಾದಿಗೋ ಒಮ್ಮೆ ಹೋಗಿಬನ್ನಿರಿ. ಕಾದಂಬರಿ ಕೊಟ್ಟ ಚಿತ್ರವನ್ನು ಆ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಲಿ. ಅವರಲ್ಲಿ ಯಾರಾದರೂ ಒಬ್ಬರು ಮುಂದೆ ಈ ನೆಲದ ಕಥೆಯನ್ನು ಬರೆಯಲು ಕುಳಿತರೆ, ಎದುರು ನಿಂತವನಿಗೂ ಅದರಲ್ಲಿ ಒಂದು ಮನೆ ಕಟ್ಟಿಕೊಡಲಿ ಎಂಬುದು ನಮ್ಮ ಹಾರೈಕೆ.